ಕೊಳವೆಗೆ ಕಟ್ಟುಬಿದ್ದ ಬೆಳಕು: ಕೋಲ್ಕತ್ತದ ರಂಗಮಂದಿರ ಮತ್ತು ಗ್ಯಾಸ್ ದೀಪ

1843ರ ನವೆಂಬರ್ 2ರಂದು ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಸಾನ್ ಸೂಸಿ ರಂಗಮಂದಿರದಲ್ಲಿ ನಟಿ ಎಸ್ತರ್ ಲೀಚ್ ಅವರ ಉಡುಪಿಗೆ ಎಣ್ಣೆದೀಪದಿಂದ ಬೆಂಕಿ ಹತ್ತಿತು. ಅದೇ ತಿಂಗಳಲ್ಲಿ ಅವರು ತೀರಿಕೊಂಡರು. ಲಂಡನ್ನಿನ ಡ್ರೂರಿ ಲೇನ್ ಮತ್ತು ಲೈಸಿಯಮ್ ರಂಗಮಂದಿರಗಳಿಗೆ ಗ್ಯಾಸ್ ಬಂದು ಆಗಲೇ ಕಾಲು ಶತಮಾನ ಕಳೆದಿತ್ತು. ಕೋಲ್ಕತ್ತದ ಬೀದಿಗಳಲ್ಲಿ ಓರಿಯೆಂಟಲ್ ಗ್ಯಾಸ್ ಕಂಪನಿಯ ದೀಪಗಳು ಉರಿದದ್ದು 1857ರ ಜುಲೈನಲ್ಲಿ.

ಗ್ಯಾಸನ್ನು ಎಣ್ಣೆಗೂ ವಿದ್ಯುತ್ತಿಗೂ ನಡುವಿನ ಒಂದು ಮೆಟ್ಟಿಲೆಂದಷ್ಟೇ ಕಾಣುವುದು ರೂಢಿ. ಈ ನೋಟಕ್ಕೆ ಎರಡು ಸಂಗತಿಗಳು ತಪ್ಪಿಹೋಗುತ್ತವೆ. ಎಣ್ಣೆದೀಪವನ್ನು ಒಂದೊಂದಾಗಿ ಹಚ್ಚಬೇಕು, ಬತ್ತಿ ಒಂದೊಂದಾಗಿ ಕತ್ತರಿಸಬೇಕು. ಕಲ್ಲಿದ್ದಲ ಗ್ಯಾಸಿನ ಕೊಳವೆಗಳನ್ನಾದರೋ ಒಂದೆಡೆಯ ತಿರುಪುಗಳಿಗೆ ಜೋಡಿಸಬಹುದು. ಒಬ್ಬನ ಕೈ ಇಡೀ ರಂಗಕ್ಕೆ ಇಳಿಹೊತ್ತನ್ನು ತರಬಲ್ಲದು. ಎರಡನೆಯದು, ಕೊಳವೆ ಎಲ್ಲಿದೆಯೋ ಅಲ್ಲಿಯೇ ನಾಟಕ. ಕೋಲ್ಕತ್ತದ ಬಂಗಾಳಿ ವೃತ್ತಿರಂಗಭೂಮಿ ಉತ್ತರ ಭಾಗದ ಚಿತ್ಪುರ, ಬೀಡನ್ ಸ್ಟ್ರೀಟುಗಳ ಸುತ್ತ ನೆಲೆಯೂರಿದ ಕಾಲವೂ ಇದೇ.

ಬೀಡನ್ ಸ್ಟ್ರೀಟಿನ ಗ್ರೇಟ್ ನ್ಯಾಷನಲ್ ಥಿಯೇಟರ್ ಚೌರಂಗಿಯ ಲೂಯಿಸ್ ಥಿಯೇಟರನ್ನು ಮಾದರಿಯಾಗಿಟ್ಟುಕೊಂಡು ಕಟ್ಟಿದ ಮರದ ಮಂದಿರ. ಹಣ ಭುವನಮೋಹನ ನಿಯೋಗಿಯವರದು. 1873ರ ಡಿಸೆಂಬರ್ 31ರಂದು ‘ಕಾಮ್ಯಕಾನನ’ದೊಂದಿಗೆ ತೆರೆಯಿತು, ಬೆಂಕಿ ಕಾಣಿಸಿಕೊಂಡು ಆ ರಾತ್ರಿಯ ಆಟ ನಿಂತಿತು. ಮರ, ಬಣ್ಣ ಬಳಿದ ಬಟ್ಟೆಯ ಪರದೆ, ತೆರೆದ ಜ್ವಾಲೆ ಒಂದೇ ಸೂರಿನಡಿ ಇದ್ದ ಕಾಲದಲ್ಲಿ ಇದು ಅಪರೂಪದ ಅಪಾಯವಲ್ಲ. 1881ರಲ್ಲಿ ವಿಯೆನ್ನಾದ ರಿಂಗ್ ಥಿಯೇಟರ್ ಹೊತ್ತಿ ನೂರಾರು ಮಂದಿ ಸತ್ತಾಗ ಯೂರೋಪು ಎಚ್ಚೆತ್ತಿತು. ಅದೇ ವರ್ಷ ಲಂಡನ್ನಿನ ಸವಾಯ್ ಥಿಯೇಟರಿಗೆ ವಿದ್ಯುತ್ ದೀಪ ಬಂತು.

ಕೋಲ್ಕತ್ತವೂ ತಡಮಾಡಲಿಲ್ಲ. ಗೋಪಾಲಲಾಲ್ ಶೀಲ್ ಬೀಡನ್ ಸ್ಟ್ರೀಟಿನ ಸ್ಟಾರ್ ಮಂದಿರವನ್ನು ಕೊಂಡು 1887ರಲ್ಲಿ ಎಮರಾಲ್ಡ್ ಎಂದು ತೆರೆದಾಗ ಡೈನಮೋ ತಂದು ವಿದ್ಯುತ್ ಬೆಳಕು ಕೊಟ್ಟರು. ಕಂಪನಿಯ ಕೊಳವೆಯ ಹಂಗಿಲ್ಲದೆಯೂ ರಂಗ ಬೆಳಗಬಹುದೆಂಬುದು, ನನ್ನ ದೃಷ್ಟಿಯಲ್ಲಿ, ಬೆಳಕಿನ ಪ್ರಖರತೆಗಿಂತ ದೊಡ್ಡ ಸುದ್ದಿ.

ಕನ್ನಡ ನಾಟಕ ಕಂಪನಿಗಳ ದಾರಿ ಬೇರೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವು ಊರೂರು ತಿರುಗುವಂಥವು; ನೆಲಕ್ಕೆ ಹೂತ ಕೊಳವೆ ಅವುಗಳ ಬಾಳಿಗೆ ಒಗ್ಗದು. ನಮ್ಮ ಡೇರೆಗಳಲ್ಲೂ ಯಕ್ಷಗಾನದ ಮೇಳಗಳಲ್ಲೂ ಗ್ಯಾಸ್ ಲೈಟು ಎನಿಸಿಕೊಂಡದ್ದು ಪೆಟ್ರೋಮ್ಯಾಕ್ಸ್. ಅದರ ಮ್ಯಾಂಟಲ್ ಮಾತ್ರ ಕೊಳವೆಯ ಗ್ಯಾಸಿಗೆಂದೇ ಹುಟ್ಟಿದ್ದು. ವೆಲ್ಸ್‌ಬಾಕ್ 1885ರಲ್ಲಿ ಕಂಡುಹಿಡಿದ ಆ ಜಾಲರಿ ಸೀಮೆಎಣ್ಣೆಯ ಆವಿಯೊಡನೆ ಕೂಡಿ ಹಳ್ಳಿಯ ರಂಗಕ್ಕೆ ಬಂತು. ಹೊತ್ತೊಯ್ಯುವ ಅನುಕೂಲವೇನೋ ಸಿಕ್ಕಿತು, ಆದರೆ ಬೀಡನ್ ಸ್ಟ್ರೀಟಿನ ತಿರುಪು ಕೈಬಿಟ್ಟಿತು. ಪೆಟ್ರೋಮ್ಯಾಕ್ಸಿಗೆ ಗಾಳಿ ಹೊಡೆಯುತ್ತಲೇ ಇರಬೇಕು, ಅದನ್ನು ಹದವಾಗಿ ಮಂದಗೊಳಿಸಲು ಬರುವುದಿಲ್ಲ. ಕತ್ತಲೆಯ ದೃಶ್ಯ ಬೇಕಾದರೆ ದೀಪವನ್ನೇ ಮರೆಮಾಡಬೇಕು, ಇಲ್ಲವೇ ನಟನೇ ನಟಿಸಿ ತೋರಿಸಬೇಕು.