ರೋಮನ್ ಕಲೆಯಲ್ಲಿ ಬಳಕೆಯ ವಸ್ತುಗಳ ಅಲಂಕಾರ

ಪ್ರಾಚೀನ ರೋಮನ್ನರು ದೀಪ, ಬಟ್ಟಲು, ತೂಗುಕೋಲು, ಒಡವೆಪೆಟ್ಟಿಗೆ, ಶವಪೆಟ್ಟಿಗೆ ಮೊದಲಾದ ಬಳಕೆಯ ವಸ್ತುಗಳ ಮೇಲೆ ದೇವತೆಗಳು, ಪುರಾಣಕಥೆಗಳು, ಪ್ರಾಣಿಗಳು ಮತ್ತು ಬಳ್ಳಿಗಳನ್ನು ಮೂಡಿಸುತ್ತಿದ್ದರು. ವಸ್ತು ಯಾವ ಕೆಲಸಕ್ಕೆ, ಯಾವ ಸಂದರ್ಭದಲ್ಲಿ ಬಳಕೆಯಾಗುತ್ತದೆ ಎಂಬುದನ್ನು ನೋಡಿ ಚಿತ್ರವನ್ನು ಆರಿಸುವುದು ವಾಡಿಕೆಯಾಗಿತ್ತು. ತೂಗುಕೋಲಿನ ಕಂಚಿನ ತೂಕಕ್ಕೆ ವ್ಯಾಪಾರದ ದೇವತೆ ಮರ್ಕ್ಯುರಿಯ ರೂಪ ಕೊಡುತ್ತಿದ್ದುದು ಇದಕ್ಕೊಂದು ನಿದರ್ಶನ.

ಮಣ್ಣಿನ ಎಣ್ಣೆದೀಪಗಳನ್ನು ಅಚ್ಚಿನಲ್ಲಿ ಒತ್ತಿ ತಯಾರಿಸುತ್ತಿದ್ದರಿಂದ ಅವು ಅಗ್ಗವಾಗಿದ್ದವು. ಸಾಮಾನ್ಯರ ಮನೆಗೂ ಚಿತ್ರಕಲೆ ಹೀಗೆ ತಲುಪಿತು. ಹೊಸ ವರ್ಷದ ಉಡುಗೊರೆಗೆಂದೇ ಮಾಡಿದ ದೀಪಗಳಲ್ಲಿ ವಿಜಯದೇವತೆ ವಿಕ್ಟೋರಿಯಾ ಶುಭಾಶಯ ಬರೆದ ಗುರಾಣಿ ಹಿಡಿದಿರುತ್ತಾಳೆ. ಅವಳ ಸುತ್ತ ಖರ್ಜೂರ, ಅಂಜೂರ, ನಾಣ್ಯಗಳಿರುತ್ತವೆ. ಆ ದಿನ ಜನರು ಪರಸ್ಪರ ಕೊಡುತ್ತಿದ್ದ ಕಾಣಿಕೆಗಳೂ ಇವೇ.

ಸಿರಿವಂತರ ಊಟದ ಮನೆಯಲ್ಲಿ ಬೆಳ್ಳಿಯ ಪಾತ್ರೆಗಳು ಅತಿಥಿಗಳ ಮಾತಿಗೆ ವಿಷಯ ಒದಗಿಸುತ್ತಿದ್ದವು. ವೆಸೂವಿಯಸ್ ಬಳಿಯ ಬೊಸ್ಕೊರಿಯಾಲೆಯಲ್ಲಿ 1895ರಲ್ಲಿ ಸಿಕ್ಕಿ, ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಎರಡು ಬಟ್ಟಲುಗಳ ಮೇಲೆ ಗುಲಾಬಿ ಮಾಲೆಯ ಕೆಳಗೆ ಅಸ್ಥಿಪಂಜರಗಳು ನಿಂತಿವೆ. ಪಕ್ಕದಲ್ಲಿರುವ ಗ್ರೀಕ್ ಬರಹಗಳಿಂದ ಅವು ಸೊಫೋಕ್ಲಿಸ್, ಯೂರಿಪಿಡೀಸ್, ಜೀನೊ, ಎಪಿಕ್ಯುರಸ್ ಮೊದಲಾದ ಕವಿಗಳು ಮತ್ತು ತತ್ವಜ್ಞಾನಿಗಳೆಂದು ತಿಳಿಯುತ್ತದೆ. ಎಪಿಕ್ಯುರಸ್ ಭಕ್ಷ್ಯಕ್ಕೆ ಕೈಚಾಚಿದ್ದಾನೆ. ಜೀನೊ ಅವನತ್ತ ಬೆರಳು ತೋರಿಸುತ್ತಿದ್ದಾನೆ. ಬದುಕಿರುವಾಗಲೇ ಸುಖಪಡಬೇಕೆಂಬ ಮಾತು ಮದ್ಯದ ಬಟ್ಟಲಿನ ಮೇಲಿರುವುದರಿಂದ, ಕುಡಿಯುವವನಿಗೆ ಅದು ನೇರ ಆಹ್ವಾನವಾಗುತ್ತದೆ.

ಕ್ರಿ.ಶ. 2ನೆಯ ಶತಮಾನದಲ್ಲಿ ಶವವನ್ನು ಸುಡುವುದರ ಬದಲು ಹೂಳುವ ಪದ್ಧತಿ ಹೆಚ್ಚಿದಂತೆ ಅಮೃತಶಿಲೆಯ ಶವಪೆಟ್ಟಿಗೆಗಳು ಕೆತ್ತನೆಗೆ ಮುಖ್ಯ ನೆಲೆಯಾದವು. ಚಂದ್ರದೇವತೆ ಮೆಚ್ಚಿದ ಎಂಡಿಮಿಯನ್ನನ ಚಿರನಿದ್ರೆ ಇವುಗಳ ಮೇಲೆ ಸಾವಿನ ಸೌಮ್ಯ ರೂಪವಾಯಿತು. ಕೆಲವು ಪೆಟ್ಟಿಗೆಗಳಲ್ಲಿ ಪುರಾಣಪಾತ್ರಗಳಿಗೆ ಸತ್ತವರ ಮುಖವನ್ನೇ ಕೊಡಲಾಗಿದೆ.

ರೋಮಿನ ಎಸ್ಕ್ವಿಲೈನ್ ಗುಡ್ಡದಲ್ಲಿ 1793ರಲ್ಲಿ ದೊರೆತ, ಪ್ರೊಜೆಕ್ಟಾ ಎಂಬ ಮಹಿಳೆಯ ಬೆಳ್ಳಿಯ ಸಿಂಗಾರಪೆಟ್ಟಿಗೆ 4ನೆಯ ಶತಮಾನದ್ದು. ಅದರ ಮುಚ್ಚಳದಲ್ಲಿ ಚಿಪ್ಪಿನ ಮೇಲೆ ಕುಳಿತ ವೀನಸ್ ಕೂದಲು ಸಿಂಗರಿಸಿಕೊಳ್ಳುತ್ತಿದ್ದರೆ, ಸರಿಯಾಗಿ ಕೆಳಗೆ ಮನೆಯೊಡತಿ ಸಿಂಗಾರಕ್ಕೆ ಕುಳಿತಿದ್ದಾಳೆ. ಮುಚ್ಚಳದ ಅಂಚಿನ ಬರಹ ಮಾತ್ರ ದಂಪತಿಗಳು ಕ್ರಿಸ್ತನಲ್ಲಿ ಬಾಳಲೆಂದು ಹಾರೈಸುತ್ತದೆ.

ಒಂದೇ ಚಿತ್ರ ಬೇರೆ ವಸ್ತುವಿನ ಮೇಲೆ ಬೇರೆ ಅರ್ಥ ಪಡೆಯುವುದೂ ಉಂಟು. ಮದ್ಯಪಾತ್ರೆಯ ಮೇಲಿನ ದ್ರಾಕ್ಷಿಬಳ್ಳಿ ಪಾನಗೋಷ್ಠಿಯನ್ನು ಸೂಚಿಸುತ್ತದೆ. ಶವಪೆಟ್ಟಿಗೆಯ ಮೇಲೆ ಅದು ಮದ್ಯದ ದೇವತೆ ಬ್ಯಾಕಸ್‌ನ ಕೃಪೆಯಿಂದ ಸಿಗುವ ಪರಲೋಕದ ಆನಂದವನ್ನು ನೆನಪಿಸುತ್ತದೆ. ಚಕ್ರವರ್ತಿ ಕಾನ್‌ಸ್ಟಂಟೈನನ ಮಗಳು ಕಾನ್‌ಸ್ಟಂಟೀನಾಳ ಕೆಂಪುಶಿಲೆಯ ಶವಪೆಟ್ಟಿಗೆಯಲ್ಲಿ ದ್ರಾಕ್ಷಿ ಕೀಳುವ ಮಕ್ಕಳ ಚಿತ್ರವನ್ನು ಕ್ರೈಸ್ತರು ತಮ್ಮ ನಂಬಿಕೆಗೆ ತಕ್ಕಂತೆ ಗ್ರಹಿಸಲು ಅವಕಾಶವಿತ್ತು.