ನಟ್ಟು ಬಿಚ್ಚಬಹುದಾದ ರೈಲು

1920ರಲ್ಲಿ ಲಿವರ್‌ಪೂಲ್‌ನ ಮೆಕ್ಯಾನೊ ಕಂಪನಿ ಮೊದಲ ಹಾರ್ನ್‌ಬಿ ಆಟಿಕೆ ರೈಲನ್ನು ಮಾರುಕಟ್ಟೆಗೆ ಬಿಟ್ಟಿತು. ಕೀಲಿ ಕೊಟ್ಟು ಓಡಿಸುವ ತಗಡಿನ ರೈಲು ಅದು. ನೋಡಲು ಅಂಥ ಚೆಲುವೇನೂ ಇರಲಿಲ್ಲ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರ ಹೊತ್ತಿಗೇ ಹಳಿ, ಎಂಜಿನ್, ಬೋಗಿಗಳನ್ನು ನಿಗದಿತ ಅಳತೆಯಲ್ಲಿ ಮಾರುತ್ತಿತ್ತು. ಅದರ ಎದುರು ಇದು ಒರಟು. ಆದರೆ ಹಾರ್ನ್‌ಬಿ ರೈಲನ್ನು ನಟ್ಟು-ಬೋಲ್ಟು ಹಾಕಿ ಜೋಡಿಸಿದ್ದರು. ಸಣ್ಣದೊಂದು ಸ್ಕ್ರೂಡ್ರೈವರು, ಸ್ಪ್ಯಾನರು ಇದ್ದರೆ ಹತ್ತು ವರ್ಷದ ಹುಡುಗನೂ ಪೂರ್ತಿ ಬಿಚ್ಚಿ, ಸೊಟ್ಟಗಾದ ಭಾಗವನ್ನು ತೆಗೆದು, ಹೊಸದು ಹಾಕಿ ಮತ್ತೆ ಓಡಿಸಬಹುದಿತ್ತು.

ಇದು ಆಕಸ್ಮಿಕವಲ್ಲ. ಫ್ರಾಂಕ್ ಹಾರ್ನ್‌ಬಿ ಮಾಂಸ ಆಮದು ಮಾಡುವ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ತಮ್ಮ ಮಕ್ಕಳಿಗೆಂದು ಮಾಡಿದ ತೂತು ತೂತಿನ ಲೋಹದ ಪಟ್ಟಿಗಳಿಗೆ 1901ರಲ್ಲಿ ಪೇಟೆಂಟ್ ಪಡೆದರು. ಅದೇ ಮುಂದೆ ಮೆಕ್ಯಾನೊ ಆಯಿತು. ರೈಲಿಗೂ ಅವರು ಅದೇ ತತ್ವವನ್ನು ಹಚ್ಚಿದರು: ಕಟ್ಟಿದ್ದನ್ನು ಬಿಚ್ಚಲು ಬರಬೇಕು. ಮೊದಲ ಮಹಾಯುದ್ಧದ ನಂತರ ಜರ್ಮನ್ ಆಟಿಕೆಗಳೆಂದರೆ ಬ್ರಿಟಿಷರಿಗೆ ಮುನಿಸಿತ್ತು, ಅದೂ ಅವರಿಗೆ ಅನುಕೂಲವಾಯಿತು.

ರಿಪೇರಿಯ ಈ ಸ್ವಾತಂತ್ರ್ಯ ಹೆಚ್ಚು ಕಾಲ ಉಳಿಯಲಿಲ್ಲ. 1930ರ ದಶಕದ ಹೊತ್ತಿಗೆ ನಟ್ಟು-ಬೋಲ್ಟಿನ ಜಾಗಕ್ಕೆ ಮಡಚುವ ತಗಡಿನ ನಾಲಿಗೆಗಳು ಬಂದವು. ಒಂದು ಭಾಗದ ನಾಲಿಗೆಯನ್ನು ಇನ್ನೊಂದರ ಸೀಳಿನಲ್ಲಿ ತೂರಿಸಿ ಬಗ್ಗಿಸಿಬಿಟ್ಟರೆ ಕಾರ್ಖಾನೆಯ ಕೆಲಸ ಬೇಗ ಮುಗಿಯುತ್ತದೆ. ಆದರೆ ಆ ನಾಲಿಗೆ ನಾಲ್ಕೈದು ಸಲ ಹಿಂದೆ ಮುಂದೆ ಬಗ್ಗಿದರೆ ಮುರಿಯುತ್ತದೆ. ಬಿಚ್ಚುವುದೇ ಹಾನಿಯಾಯಿತು. ಇವತ್ತಿನ ಮೊಬೈಲಿನ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸುವುದನ್ನು ಕಂಡು ಬೇಸರಪಡುವ ನಮಗೆ ಈ ಕಥೆ ಹೊಸದೇನಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಲೋಹದಿಂದ. ಆ ಕಾಲದಲ್ಲಿ ಚಕ್ರ, ಚಾಸಿಗಳನ್ನು ಸತುವಿನ ಮಿಶ್ರಲೋಹ ಕರಗಿಸಿ ಅಚ್ಚಿಗೆ ಒತ್ತಿ ಮಾಡತೊಡಗಿದರು. ಬ್ರಿಟನ್ನಿನಲ್ಲಿ ಅದರ ಹೆಸರು ಮಝಾಕ್. ಸತು ಬಹಳ ಶುದ್ಧವಾಗಿರಬೇಕು. ಸೀಸದ ತುಣುಕುಗಳು ಕುಲುಮೆಗೆ ಬಿದ್ದರೆ ಲೋಹದ ಕಣಗಳ ನಡುವಿನ ಗಡಿಗಳಲ್ಲಿ ನಿಧಾನಕ್ಕೆ ಕೊರೆತ ಶುರುವಾಗುತ್ತದೆ. ಸೆಕೆ, ತೇವ ಇದ್ದರೆ ಇನ್ನೂ ಬೇಗ. ಹತ್ತಿಪ್ಪತ್ತು ವರ್ಷಗಳ ಮೇಲೆ ಚಕ್ರ ಉಬ್ಬುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಹಳೆಯ ರಸ್ಕಿನ ಹಾಗೆ ಬೆರಳಲ್ಲೇ ಪುಡಿಯಾಗುತ್ತದೆ. ಇದು ಪಕ್ಕದ ಎಂಜಿನ್ನಿಗೂ ಅಂಟುತ್ತದೆ ಎಂದು ನಂಬುವ ಸಂಗ್ರಾಹಕರಿದ್ದಾರೆ. ಅಂಟುವುದಿಲ್ಲ; ರೋಗ ಹುಟ್ಟುವಾಗಲೇ ಲೋಹದ ಒಳಗೆ ಇರುತ್ತದೆ. ಮದ್ದೂ ಇಲ್ಲ. ಹೊಸ ಚಕ್ರ ಹಾಕುವುದೊಂದೇ ದಾರಿ.

ಆದರೆ ಎಷ್ಟು ಬದಲಿಸಿದರೆ ಅದು ಅದೇ ರೈಲಾಗಿ ಉಳಿಯುತ್ತದೆ? ಚಕ್ರ ಬದಲಿಸದಿದ್ದರೆ ಓಡುವುದಿಲ್ಲ, ಆದ್ದರಿಂದ ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಬಣ್ಣದ ಮಾತು ಬೇರೆ. 1920ರ ದಶಕದ ಎಂಜಿನ್ನಿಗೆ ಹೊಸ ಬಣ್ಣ ಬಳಿದವರು ಅದರ ಮೌಲ್ಯವನ್ನೂ ಇತಿಹಾಸವನ್ನೂ ಒಟ್ಟಿಗೆ ಅಳಿಸಿದ ಹಾಗೆ. ಬಣ್ಣ ಎದ್ದಿದ್ದರೆ ಎದ್ದೇ ಇರಲಿ ಎನ್ನುವ ಪಕ್ಷ ನನ್ನದು.

1938ರಲ್ಲಿ ಹಾರ್ನ್‌ಬಿ ಡಬ್ಲೊ ಬಂತು. ಫ್ರಾಂಕ್ ಹಾರ್ನ್‌ಬಿ ತೀರಿಕೊಂಡು ಎರಡು ವರ್ಷವಾಗಿತ್ತು. ಮೇಜಿನ ಮೇಲೆ ಹಿಡಿಸುವ ಗಾತ್ರ, 12 ವೋಲ್ಟಿನ ವಿದ್ಯುತ್ತು, ಮೂರು ಹಳಿಗಳು. ಈ ಮೋಟಾರುಗಳ ರಿಪೇರಿಯಲ್ಲಿ ಒಂದು ಬಲೆ ಇತ್ತು. ಶುಚಿ ಮಾಡಲೆಂದು ನಡುವಿನ ತಿರುಗುವ ಭಾಗವನ್ನು ಹೊರಗೆ ಎಳೆದರೆ ಅಯಸ್ಕಾಂತದ ಶಕ್ತಿ ಕುಂದುತ್ತಿತ್ತು. ಎಳೆಯುವ ಮೊದಲು ಅಯಸ್ಕಾಂತದ ಎರಡು ತುದಿಗಳಿಗೆ ಕಬ್ಬಿಣದ ತುಂಡೊಂದನ್ನು ಸೇತುವೆಯಂತೆ ಇಡಬೇಕು. ಇದು ಗೊತ್ತಿಲ್ಲದೆ ಬಿಚ್ಚಿದವರ ಎಂಜಿನ್ನು ಹೆಚ್ಚು ಕರೆಂಟು ಎಳೆದು, ಬಿಸಿಯಾಗಿ, ನಿಧಾನಕ್ಕೆ ಓಡತೊಡಗುತ್ತದೆ. ಆಗ ಅಯಸ್ಕಾಂತಕ್ಕೆ ಮತ್ತೆ ಶಕ್ತಿ ತುಂಬುವ ಯಂತ್ರವಿರುವ ಕಸುಬುದಾರರ ಬಳಿಗೇ ಹೋಗಬೇಕು. ಮನೆಯ ಕೆಲಸ, ಕಸುಬುದಾರರ ಕೆಲಸ ಎಂಬ ಗೆರೆ ಹೀಗೆ ಬಿತ್ತು.

1959ರಲ್ಲಿ ಡಬ್ಲೊ ಎರಡು ಹಳಿಗೆ ಬದಲಾಯಿತು. ಮೂರು ಹಳಿಯ ಪದ್ಧತಿಯಲ್ಲಿ ಹೊರಗಿನ ಎರಡೂ ಹಳಿಗಳಲ್ಲಿ ವಿದ್ಯುತ್ತು ಒಂದೇ, ಹಾಗಾಗಿ ಲೋಹದ ಚಕ್ರ, ಲೋಹದ ಅಚ್ಚು ಇದ್ದರೂ ಅಡ್ಡಿಯಿರಲಿಲ್ಲ. ಎರಡು ಹಳಿಯಲ್ಲಿ ಅದೇ ಅಚ್ಚು ನೇರ ಶಾರ್ಟ್ ಸರ್ಕ್ಯೂಟು. ಹಳೆಯ ಬೋಗಿಗಳಿದ್ದ ಮನೆಗಳಲ್ಲಿ ಎಲ್ಲಕ್ಕೂ ಚಕ್ರ ಬದಲಿಸಬೇಕು, ಇಲ್ಲವೇ ಹಳೆಯ ಹಳಿಯಲ್ಲೇ ಉಳಿಯಬೇಕು. ಕಂಪನಿ ಸುಧಾರಣೆ ಎಂದದ್ದನ್ನು ಗಿರಾಕಿಗಳು ಖರ್ಚು ಎಂದು ಓದಿದರು. 1964ರಲ್ಲಿ ಮೆಕ್ಯಾನೊ ಕಂಪನಿಯೇ ಅದರ ಪ್ರತಿಸ್ಪರ್ಧಿ ಟ್ರೈ-ಆಂಗ್‌ನವರ ಕೈಗೆ ಹೋಯಿತು.

ಟ್ರೈ-ಆಂಗ್ ರೈಲುಗಳು ಅಗ್ಗದ ಪ್ಲಾಸ್ಟಿಕ್ ಎಂದು ಮೂಗು ಮುರಿದವರು ಬಹಳ. ರಿಪೇರಿಯ ದೃಷ್ಟಿಯಿಂದ ನೋಡಿದರೆ ನ್ಯಾಯ ಬೇರೆಯೇ ಆಗುತ್ತದೆ. ಪ್ರತಿ ಎಂಜಿನ್ನಿಗೂ ಅವರು ಸರ್ವಿಸ್ ಹಾಳೆ ಅಚ್ಚು ಹಾಕಿಸಿದರು: ಎಲ್ಲ ಭಾಗಗಳನ್ನು ಬಿಡಿಬಿಡಿಯಾಗಿ ಹರಡಿ ತೋರಿಸುವ ಚಿತ್ರ, ಒಂದೊಂದಕ್ಕೂ ನಂಬರು. ಅವರ ಎಕ್ಸ್‌04 ಎಂಬ ಮೋಟಾರು ಹತ್ತಾರು ಬಗೆಯ ಎಂಜಿನ್ನುಗಳಲ್ಲಿ ಒಂದೇ. ಕಾರ್ಬನ್ ಬ್ರಷ್ ಸವೆದರೆ ಸ್ಪ್ರಿಂಗು ಸರಿಸಿ ಎರಡು ನಿಮಿಷದಲ್ಲಿ ಹೊಸದು ಹಾಕಬಹುದು. ಅರುವತ್ತು ವರ್ಷ ಹಳೆಯ ಈ ಮೋಟಾರುಗಳು ಇಂದೂ ಓಡುತ್ತಿರುವುದಕ್ಕೆ ಕಾರಣ ಇಷ್ಟೇ.

ಆ ಸ್ಪ್ರಿಂಗಿನ ಒಂದು ತೋಳಿಗೆ ಮಾತ್ರ ಚಿಕ್ಕ ರಬ್ಬರಿನಂಥ ಕೊಳವೆ ತೊಡಿಸಿರುತ್ತಾರೆ. ಇನ್ನೊಂದು ತೋಳು ನೇರ ಚಾಸಿಗೆ ಅಂಟಿರುತ್ತದೆ. 1990ರ ದಶಕದಲ್ಲಿ ಡಿಜಿಟಲ್ ನಿಯಂತ್ರಣ ಬಂದಾಗ ಈ ವಿವರ ದೊಡ್ಡದಾಯಿತು. ಜರ್ಮನಿಯ ಲೆನ್ಸ್ ಕಂಪನಿಯ ವಿನ್ಯಾಸದ ಮೇಲೆ ಅಮೆರಿಕದ ಮಾದರಿ ರೈಲು ಸಂಘ ಒಂದು ಮಾನದಂಡ ರೂಪಿಸಿತು. ಹಳಿಯಲ್ಲಿ ಸದಾ ಪೂರ್ತಿ ವಿದ್ಯುತ್ತು ಇರುತ್ತದೆ, ಅದರಲ್ಲೇ ಸಂದೇಶ ಹರಿಯುತ್ತದೆ, ಎಂಜಿನ್ನಿನ ಒಳಗಿನ ಚಿಪ್ಪು ತನ್ನ ನಂಬರು ಕೇಳಿದಾಗ ಮಾತ್ರ ಆ ಸಂದೇಶ ಪಾಲಿಸುತ್ತದೆ. ಇದಕ್ಕೆ ಮೋಟಾರಿನ ಎರಡೂ ಬ್ರಷ್‌ಗಳು ಚಾಸಿಯಿಂದ ಬೇರೆಯಾಗಿರಬೇಕು. ಇಲ್ಲದಿದ್ದರೆ ಚಿಪ್ಪು ಒಂದು ಸಣ್ಣ ಹೊಗೆಯ ಎಳೆಯಾಗಿ ಮುಗಿಯುತ್ತದೆ. ಎಕ್ಸ್‌04ಕ್ಕೆ ಬೇಕಾದದ್ದು ಎರಡನೇ ತೋಳಿಗೂ ಅಂಥದೇ ಕೊಳವೆ, ಎರಡು ತಂತಿ, ಕೊಂಚ ಬೆಸುಗೆ. ಈಗಿನ ಎಂಜಿನ್ನುಗಳಲ್ಲಿ ಚಿಪ್ಪಿಗೆಂದೇ ಎಂಟು ಅಥವಾ 21 ಕಾಲಿನ ಸಾಕೆಟ್ಟು ಇರುತ್ತದೆ, ಸುಲಭ. ಆದರೆ ಅವುಗಳ ಹೊದಿಕೆಯನ್ನು ಬಿಚ್ಚುವಷ್ಟರಲ್ಲಿ ಹಬೆ ಕೊಳವೆಯೋ ಕೈಹಿಡಿಯೋ ಮುರಿದಿರುತ್ತದೆ.

ನಮ್ಮ ದೇಶದಲ್ಲಿ ಈ ಆಟಿಕೆ ಮೊದಲು ಬಂದದ್ದು ಅರಮನೆಗಳಿಗೆ. ಗ್ವಾಲಿಯರ್‌ನ ಜೈವಿಲಾಸ್ ಅರಮನೆಯ ಊಟದ ಮೇಜಿನ ಮೇಲೆ ಮದ್ಯ, ಸಿಗಾರು ಹೊತ್ತು ಸುತ್ತುತ್ತಿದ್ದ ಬೆಳ್ಳಿಯ ರೈಲು ಈಗಲೂ ನೋಡಲು ಸಿಗುತ್ತದೆ; ಬಾಟಲಿ ಎತ್ತಿದರೆ ರೈಲು ನಿಲ್ಲುವಂತೆ ಮಾಡಿದ್ದರು. ಅದರ ಎದುರು ಧ್ರುವ ಪುಣೆಯ ಕೋಥ್ರೂಡ್‌ನಲ್ಲಿದೆ. ಭಾವು ಜೋಶಿ ಅವರು ಕಟ್ಟಿದ ಪುಟ್ಟ ರೈಲುಗಳ ಸಂಗ್ರಹಾಲಯ 1998ರಲ್ಲಿ ತೆರೆಯಿತು. ದಿನವೂ ಓಡಬೇಕಾದ ರೈಲಿಗೆ ಹಳಿ ಒರೆಸುವುದು, ಚಕ್ರದ ಮಸಿ ಕೆರೆಯುವುದು ದಿನದ ಕೆಲಸವೇ. ಪುಣೆಯ ಓದುಗರು ಹೋದಾಗ ರೈಲಿನ ಜೊತೆ ಹಳಿಯನ್ನೂ ನೋಡಿ.

ಅಟ್ಟದ ಮೇಲೆ ಇಂಥದೊಂದು ಡಬ್ಬಿ ಇರುವವರಿಗೆ: ಮೊದಲು ಕರೆಂಟು ಕೊಡಬೇಡಿ. ಒಳಗಿನ ಹಳೆಯ ಎಣ್ಣೆ ಅಂಟಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲು, ಹತ್ತಿ, ಆಮೇಲೆ ಅಚ್ಚಿಗೊಂದು ಹನಿ ತೆಳು ಎಣ್ಣೆ. ಎರಡನೇ ಹನಿ ಬೇಡ, ಅದು ಬ್ರಷ್‌ಗೆ ಹರಿಯುತ್ತದೆ. ಕೊಳವೆ, ತಂತಿ, ಬೆಸುಗೆ ಸಾಮಾನು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಚೆನ್ನೈನ ರಿಚಿ ಸ್ಟ್ರೀಟ್‌ನಲ್ಲೋ ಸಿಗುತ್ತದೆ. ಅಯಸ್ಕಾಂತದ ಕೆಲಸವನ್ನು ಕಸುಬುದಾರರಿಗೆ ಬಿಡಿ. ಯಾರಿಗೇ ಕೊಟ್ಟರೂ ತೆಗೆದ ಹಳೆಯ ಭಾಗಗಳನ್ನು ವಾಪಸು ಕೇಳಿ, ತಾರೀಖು ಬರೆದ ಲಕೋಟೆಯಲ್ಲಿ ಹಾಕಿ ಅದೇ ಡಬ್ಬಿಯಲ್ಲಿಡಿ.