ಲಿಪಿಕಾರ ಚಪಡ

ಮೊಳಕಾಲ್ಮೂರೆಂದರೆ ನಮಗೆ ರೇಷ್ಮೆ ಸೀರೆ. ಸೀರೆಯ ಮೇಲೆ ನೇಯ್ದವನ ಹೆಸರಿರುವುದಿಲ್ಲ. ಆದರೆ ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ 2,200 ವರ್ಷಗಳಿಗೂ ಹಿಂದೆ ಒಬ್ಬ ಕಸುಬುದಾರ ತನ್ನ ಹೆಸರು ಬಿಟ್ಟುಹೋಗಿದ್ದಾನೆ: ಚಪಡ.

ಅದು ಅಶೋಕನ ಶಾಸನ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಇಸಿಲದ ಅಧಿಕಾರಿಗಳಿಗೆ ಕಳಿಸಿದ್ದು. ತಾಯಿತಂದೆಯರ ಮಾತು ಕೇಳಿ, ಜೀವಿಗಳಿಗೆ ದಯೆ ತೋರಿ, ಸತ್ಯ ನುಡಿಯಿರಿ ಎಂಬುದು ಅದರ ತಿರುಳು. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿ. ಕೊನೆಗೆ, ಬರೆದವನು ಲಿಪಿಕಾರ ಚಪಡ ಎಂದಿದೆ. ಆ 'ಲಿಪಿಕಾರ' ಎಂಬ ಪದವೊಂದು ಮಾತ್ರ ಖರೋಷ್ಠಿಯಲ್ಲಿದೆ. ನಮ್ಮ ಉರ್ದುವಿನಂತೆ ಬಲದಿಂದ ಎಡಕ್ಕೆ.

ಖರೋಷ್ಠಿ ಗಾಂಧಾರದ ಲಿಪಿ, ಇಂದಿನ ಪೇಶಾವರದ ಕಡೆಯದು. ಅರಮಾಯಿಕ್‌ನಿಂದ ಹುಟ್ಟಿದ್ದು, ಅರಬ್ಬಿ ಅಕ್ಷರಗಳ ಬೇರೂ ಅಲ್ಲಿಯದೇ. ಇಸಿಲದಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ವಿದ್ವತ್ತಿನ ಪ್ರದರ್ಶನ ಎನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ದೊರೆಯ ಮಾತನ್ನೆಲ್ಲ ದೊರೆ ಬಯಸಿದ ಲಿಪಿಯಲ್ಲಿ ಬರೆದು ಮುಗಿಸಿದ ಕಾತಿಬ, ತನ್ನ ಕಸುಬಿನ ಹೆಸರನ್ನಷ್ಟೇ ತನ್ನ ಕೈಗೆ ಒಗ್ಗಿದ ಅಕ್ಷರದಲ್ಲಿ ಬರೆದುಕೊಂಡ.

ಅಂದಹಾಗೆ, ಅಪ್ಪಣೆ ಕಳಿಸಿದ ರಾಜಕುಮಾರನ ಹೆಸರು ಆ ಬಂಡೆಯಲ್ಲಿಲ್ಲ.